ಲಗಾಮು ಯಾರ ಕೈಲಿ, ಹೊರೆ ಯಾರ ಬೆನ್ನ ಮೇಲೆ?

ಡಿಗ್ರಿ ಮುಗಿಸಿಯೂ ಕೆಲಸ ಸಿಗದ, ಎಸ್ಸೆಸ್ಸೆಲ್ಸಿಗೇ ನಿಂತುಹೋದ ನಮ್ಮ ಕೇರಿಗಳ ಹುಡುಗರು ಇವತ್ತು ಒಂದು ಕೆಲಸ ಕೇಳುತ್ತಾರೆ. ‘ಲಾರಿ ಡ್ರೈವರ್ ಕೆಲ್ಸ ಇದ್ರೆ ಹೇಳಿ. ದೂರ ಬೇಡ, ರಾತ್ರಿ ಮನೆಗೆ ಬರೋ ಹಂಗಿರ್ಬೇಕು. ಮೂಟೆ ಹೊರೋದು ಇರ್ಬಾರ್ದು.’ ಈ ಮಾತು ಕೇಳಿದ ಕೂಡಲೇ ಊರಿನ ದೊಡ್ಡವರು ನಗುತ್ತಾರೆ. ‘ಇವ್ರಿಗೆ ಮೈ ಬಗ್ಗಲ್ಲ, ಕೂತಲ್ಲೇ ಸಂಬಳ ಬೇಕು’ ಅನ್ನುತ್ತಾರೆ. ನಮ್ಮವರಲ್ಲೂ ಕೆಲವರು ಅದನ್ನು ನಂಬಿಬಿಡುತ್ತಾರೆ.

ಹೊರೆ ಹೊರಬಾರದು ಅನ್ನುವ ಈ ಮಾತಿಗೆ ಒಂದು ಚರಿತ್ರೆ ಇದೆ. ರಾಜರ ಚರಿತ್ರೆಯ ಪುಸ್ತಕಗಳಲ್ಲಿ ಅದು ಸಿಗುವುದಿಲ್ಲ. ಯಾವ ದೊರೆ ಯಾವ ಕೋಟೆಗೆ ಮುತ್ತಿಗೆ ಹಾಕಿದ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಅವನ ಫಿರಂಗಿ ಎಳೆದವರು ಯಾರು, ಅಕ್ಕಿ ಮೂಟೆ ಹೊತ್ತವರು ಯಾರು, ಅವರಿಗೆ ಕೂಲಿ ಸಿಕ್ಕಿತೇ ಎಂದು ಯಾರೂ ನಮಗೆ ಹೇಳಿಕೊಡಲಿಲ್ಲ. ಆ ಚರಿತ್ರೆಯನ್ನು ನಾವೇ ಬರೆದುಕೊಳ್ಳಬೇಕು. ಬಂಡಿ ಹೊಡೆಯುವ ಕೆಲಸ, ಬಂಡಿಗೆ ತುಂಬುವ ಕೆಲಸ ಇವೆರಡೂ ಬೇರೆಯಾದದ್ದು ಹೇಗೆ? ಬೇರೆಯಾದಾಗ ಯಾವುದು ಯಾರ ಪಾಲಿಗೆ ಬಂತು? ಇವತ್ತು ಮತ್ತೆ ಅವೆರಡೂ ಒಬ್ಬನ ಮೈಮೇಲೇ ಬೀಳುತ್ತಿರುವುದು ಯಾಕೆ? ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

ಮೋಟಾರು ಬರುವುದಕ್ಕೆ ಮುಂಚೆ ಹೊರೆಗೆ ಎರಡು ದಾರಿ ಇದ್ದವು. ಒಂದು ದನದ ಬೆನ್ನು, ಇನ್ನೊಂದು ಮನುಷ್ಯನ ತಲೆ. ಅಧಿಕಾರಿ ಊರಿಗೆ ಬಂದರೆ ಅವನ ಪೆಟ್ಟಿಗೆ, ಡೇರೆ, ಹಾಸಿಗೆಗಳನ್ನು ಮುಂದಿನ ಊರಿನ ಗಡಿಯವರೆಗೆ ಹೊತ್ತು ಮುಟ್ಟಿಸುವುದು ಹೊಲಗೇರಿ ಮಾದಿಗೇರಿಗಳ ಬಿಟ್ಟಿ ಚಾಕರಿಯಾಗಿತ್ತು. ತೋಟಿ, ಕುಳವಾಡಿ ಎಂದು ಹೆಸರುಗಳು ಬೇರೆ ಬೇರೆ, ತಲೆ ಮೇಲಿನ ಸಿಂಬಿ ಒಂದೇ. ಆ ಹೊರೆಗೆ ತೂಕದ ಮಿತಿ ಇರಲಿಲ್ಲ, ದಿನದ ಲೆಕ್ಕ ಇರಲಿಲ್ಲ, ಬೇಡ ಅನ್ನುವ ಹಕ್ಕಂತೂ ಇರಲೇ ಇಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಗ್ರಾಮ ಹುದ್ದೆಗಳನ್ನು ರದ್ದು ಮಾಡಲು ಮೈಸೂರು ರಾಜ್ಯ 1961ರಲ್ಲಿ ಕಾಯ್ದೆ ಮಾಡಬೇಕಾಯಿತು. ಜೀತ ರದ್ದತಿಗೆ 1976ರ ಕಾಯ್ದೆ ಬರಬೇಕಾಯಿತು. ಒಂದೇ ಹೊರೆ ಇಳಿಸಲು ಮೂರು ಕಾನೂನು ಬೇಕಾಯಿತು ಅಂದರೆ ಅದು ಎಷ್ಟು ಆಳಕ್ಕೆ ಕೂತಿತ್ತು ಎಂದು ಲೆಕ್ಕ ಹಾಕಿ.

ದನದ ಬೆನ್ನಿನ ದಾರಿ ಲಂಬಾಣಿಗಳದ್ದು, ಕೊರಮ ಕೊರಚರದ್ದು. ಸಾವಿರಾರು ಹೇರೆತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಕರಾವಳಿಯಿಂದ ಬಯಲಿಗೆ, ಬಯಲಿನಿಂದ ದಂಡಿನ ಪಾಳೆಯಗಳಿಗೆ ಅವರು ಸಾಗಿಸುತ್ತಿದ್ದರು. ದಾರಿ ಬಲ್ಲವರು, ನೀರಿನ ನೆಲೆ ಬಲ್ಲವರು, ದನದ ಕಾಯಿಲೆ ಬಲ್ಲವರು. ಬ್ರಿಟಿಷರ ರಸ್ತೆ ಬಂತು, ರೈಲು ಬಂತು. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ಬೆಂಗಳೂರು ದಂಡುಪ್ರದೇಶಕ್ಕೆ ಮುಟ್ಟಿತು. ಹೇರೆತ್ತುಗಳ ಕಾಲ ಮುಗಿಯುತ್ತ ಬಂತು. 1871ರಲ್ಲಿ ಅದೇ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಅಲೆಮಾರಿಯಾಗಿ ಬದುಕಿದ್ದ ಜನಗಳಿಗೆ ಹುಟ್ಟಾ ಕಳ್ಳರೆಂಬ ಹಣೆಪಟ್ಟಿ ಅಂಟಿಸುವ ಅಧಿಕಾರವನ್ನು ತನಗೆ ತಾನೇ ಕೊಟ್ಟುಕೊಂಡಿತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಸಾಗಾಣಿಕೆಯ ಹೊಸ ಯಂತ್ರ ಬಂದಾಗ ಸಾಗಾಣಿಕೆ ಬಲ್ಲ ಜನರಿಗೆ ಅದರಲ್ಲಿ ಜಾಗ ಕೊಡಲಿಲ್ಲ, ಅವರನ್ನು ದಾರಿಯಿಂದಲೇ ಹೊರಗೆ ಹಾಕಿದರು ಎಂಬುದನ್ನು ನಾವಿಲ್ಲಿ ಗುರುತು ಹಾಕಿಕೊಳ್ಳಬೇಕು.

ಇನ್ನು ಗಾಡಿಯ ಮಾತು. ಗಾಡಿ ಹೊಡೆಯುವುದು ಹೊರೆ ಹೊರುವುದಕ್ಕಿಂತ ಹಗುರ. ಕೂಲಿಯೂ ಮರ್ಯಾದೆಯೂ ಕೊಂಚ ಹೆಚ್ಚು. ಹಾಗಾಗಿ ಲಗಾಮಿನ ಸುತ್ತ ಜಾತಿ ಕಾವಲು ನಿಂತಿತು. ಇದಕ್ಕೆ ಅಂಬೇಡ್ಕರರ ಬದುಕಿನಲ್ಲೇ ಎರಡು ಸಾಕ್ಷಿಗಳಿವೆ. ಎರಡನ್ನೂ ಅವರೇ ಬರೆದಿಟ್ಟಿದ್ದಾರೆ.

ಮೊದಲನೆಯದು 1901ರದು. ಸಾತಾರಾದಲ್ಲಿದ್ದ ಬಾಲಕ ಭೀಮರಾವ್, ಅವನ ಅಣ್ಣ, ಅಕ್ಕನ ಮಕ್ಕಳು ಕೋರೆಗಾಂವ್‌ನಲ್ಲಿ ಕೆಲಸಕ್ಕಿದ್ದ ತಂದೆಯನ್ನು ನೋಡಲು ರೈಲಿನಲ್ಲಿ ಮಸೂರಿಗೆ ಬಂದಿಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳು ಮಹಾರರೆಂದು ಗೊತ್ತಾದದ್ದೇ ತಡ, ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಷರತ್ತು ಎರಡು: ಬಾಡಿಗೆ ದುಪ್ಪಟ್ಟು ಕೊಡಬೇಕು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ಒಂಬತ್ತು ಹತ್ತು ವರ್ಷದ ಮಕ್ಕಳು ಹಗ್ಗ ಹಿಡಿದು ಗಾಡಿ ಹೊಡೆದರು. ಬುತ್ತಿ ಕೈಲಿತ್ತು, ದಾರಿಯಲ್ಲಿ ಅವರಿಗೆ ಕುಡಿಯುವ ನೀರು ಸಿಗಲಿಲ್ಲ.

ಎರಡನೆಯದು 1929ರದು. ಅಷ್ಟರಲ್ಲಿ ಆ ಹುಡುಗ ವಿಲಾಯತಿಯಲ್ಲಿ ಓದಿ ಬಂದ ಬ್ಯಾರಿಸ್ಟರ್. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯ. ಖಾನ್‌ದೇಶದ ಚಾಳೀಸ್‌ಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ ಕೇರಿಯ ಜನ ಸ್ವಾಗತಕ್ಕೆ ಬಂದಿದ್ದರು. ಆದರೆ ಟಾಂಗಾ ಬರಲು ತುಂಬ ಹೊತ್ತು ಹಿಡಿಯಿತು. ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಿರಲಿಲ್ಲ. ಟಾಂಗಾ ಬಾಡಿಗೆಗೆ ಕೊಡುತ್ತೇವೆ, ಹೊಡೆಯಲು ನಾವು ಬರುವುದಿಲ್ಲ ಅಂದರು. ಕೇರಿಯವರು ತಮ್ಮಲ್ಲೇ ಒಬ್ಬನನ್ನು ಲಗಾಮು ಹಿಡಿಯಲು ಕೂರಿಸಿದರು. ಅವನು ಜನ್ಮದಲ್ಲಿ ಟಾಂಗಾ ಹೊಡೆದವನಲ್ಲ. ಹೊಳೆಗೆ ಕಟ್ಟಿದ ಮೋರಿಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಅಂಬೇಡ್ಕರ್ ಕೆಳಕ್ಕೆ ಎಸೆಯಲ್ಪಟ್ಟರು. ಕುದುರೆ ಗಾಡಿ ಹೊಳೆಗೆ ಬಿದ್ದವು. ಅವರ ಕಾಲು ಮುರಿಯಿತು.

ಈ ಘಟನೆಯನ್ನು ಎಲ್ಲರೂ ಅವಮಾನದ ಕಥೆಯಾಗಿ ಹೇಳುತ್ತಾರೆ. ನಾವು ಅದನ್ನು ಕಸುಬಿನ ಕಥೆಯಾಗಿಯೂ ಓದಬೇಕು. ಆ ಕೇರಿಯಲ್ಲಿ ಟಾಂಗಾ ಹೊಡೆಯಲು ಬಲ್ಲ ಒಬ್ಬನೂ ಯಾಕಿರಲಿಲ್ಲ? ಯಾಕೆಂದರೆ ಲಗಾಮು ಹಿಡಿಯಲು ಯಾರೂ ಅವರಿಗೆ ಬಿಟ್ಟಿರಲಿಲ್ಲ. ಕಲಿಯಲು ಬಿಡದೆ ಇಟ್ಟವರೇ ಆಮೇಲೆ ‘ಇವರಿಗೆ ಬರೋದಿಲ್ಲ’ ಅನ್ನುತ್ತಾರೆ. ಈ ಮೋಸ ಇನ್ನೂ ನಿಂತಿಲ್ಲ.

ಯಂತ್ರ ಬಂದರೆ ಜಾತಿ ಹೋಗುತ್ತದೆ ಎಂದು ನಂಬಿದವರು ಆ ಕಾಲದಲ್ಲೂ ಇದ್ದರು. ಅದೇ ವರ್ಷಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಏನು ನಡೆಯುತ್ತಿತ್ತು ನೋಡಿ. ಸಂಬಳ ಹೆಚ್ಚಿದ್ದ ನೇಯ್ಗೆ ಖಾತೆಗೆ ಅಸ್ಪೃಶ್ಯ ಕಾರ್ಮಿಕರಿಗೆ ಪ್ರವೇಶ ಇರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗುತ್ತದೆ, ಎಂಜಲಾಗುತ್ತದೆ ಎಂಬುದು ನೆಪ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಮಾಲೀಕರ ವಿರುದ್ಧ ಒಂದಾಗಿ ನಿಂತ ಕಾರ್ಮಿಕರ ನಡುವೆಯೇ ಹಗುರ ಕೆಲಸ ಯಾರಿಗೆ, ಕಷ್ಟದ ಕೆಲಸ ಯಾರಿಗೆ ಎಂಬುದನ್ನು ಜಾತಿ ತೀರ್ಮಾನ ಮಾಡಿತ್ತು. ಯಂತ್ರ ಹೊಸದಾಗಿತ್ತು, ಹಂಚಿಕೆ ಹಳೆಯದೇ ಆಗಿತ್ತು.

ಮೋಟಾರಿನಲ್ಲೂ ಹಾಗೇ ಆಯಿತು. ಬ್ರಿಟಿಷ್ ಇಂಡಿಯಾದಲ್ಲಿ 1914ರಲ್ಲೂ ಆಮೇಲೆ 1939ರಲ್ಲೂ ಮೋಟಾರು ವಾಹನ ಕಾಯ್ದೆಗಳು ಬಂದವು. ಕಾಗದದ ಮೇಲೆ ಲೈಸೆನ್ಸಿಗೆ ಜಾತಿ ಇರಲಿಲ್ಲ. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿಗಳು ಹೊರಬಂದ ಮೇಲೆ ಲಾರಿ ನಮ್ಮ ಹಳ್ಳಿಗಳ ಸಂತೆಗೂ ಮಂಡಿಗೂ ಬಂತು. ಆಗ ಒಂದು ಲಾರಿಯ ಸುತ್ತ ನಾಲ್ಕು ಮೆಟ್ಟಿಲು ಹುಟ್ಟಿಕೊಂಡವು. ಮೇಲೆ ಮಾಲೀಕ, ಕೆಳಗೆ ಡ್ರೈವರು, ಅವನ ಕೆಳಗೆ ಕ್ಲೀನರು, ಎಲ್ಲರಿಗಿಂತ ಕೆಳಗೆ ಹಮಾಲಿ.

ಡ್ರೈವಿಂಗ್ ಶಾಲೆ ಇಲ್ಲದ ಕಾಲದಲ್ಲಿ ಡ್ರೈವರ್ ಆಗಬೇಕಾದರೆ ಮೊದಲು ಕ್ಲೀನರ್ ಆಗಬೇಕಿತ್ತು. ಗಾಡಿ ತೊಳೆಯುವುದು, ಚಕ್ರಕ್ಕೆ ಕಲ್ಲು ಕೊಡುವುದು, ಟಾರ್ಪಾಲು ಹಾಸಿ ಹಗ್ಗ ಬಿಗಿಯುವುದು, ಸ್ಟೆಪ್ನಿ ಇಳಿಸುವುದು, ಉಸ್ತಾದನಿಗೆ ಅಡುಗೆ ಮಾಡುವುದು. ವರ್ಷಗಟ್ಟಲೆ ಇಷ್ಟು ಮಾಡಿದ ಮೇಲೆ ಒಂದು ದಿನ ಖಾಲಿ ರಸ್ತೆಯಲ್ಲಿ ಸ್ಟೇರಿಂಗು ಕೈಗೆ ಸಿಗುತ್ತಿತ್ತು. ಅಂದರೆ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ, ಒಂದೇ ಕ್ಯಾಬಿನ್ನಿನಲ್ಲಿ ಮಲಗುವ ಸಲಿಗೆ ಇದ್ದವನಿಗೆ ಮಾತ್ರ ಆ ವಿದ್ಯೆ. ಕೇರಿಯ ಹುಡುಗನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳದವರು ಕ್ಲೀನರ್ ಮಾಡಿಕೊಳ್ಳುತ್ತಿದ್ದರೇ? ಕಾಗದದಲ್ಲಿಲ್ಲದ ಜಾತಿ ಕ್ಯಾಬಿನ್ನಿನಲ್ಲಿ ಕೂತಿತ್ತು. ಕೇರಿಯವನಿಗೆ ಸುಲಭವಾಗಿ ತೆರೆದುಕೊಂಡದ್ದು ಲಾರಿಯ ಹಿಂಬದಿಯ ಹಲಗೆ. ಕೊಕ್ಕೆ ಹಿಡಿದು ಚೀಲ ಎಳೆಯುವ, ಬೆನ್ನು ಕೊಡುವ ಜಾಗ. ಹಮಾಲರೆಲ್ಲ ದಲಿತರೇ ಎಂದು ನಾವು ಹೇಳುತ್ತಿಲ್ಲ. ಬಡ ಮುಸ್ಲಿಮರಿದ್ದರು, ಬರಕ್ಕೆ ಊರು ಬಿಟ್ಟ ಹಿಂದುಳಿದ ಜಾತಿಯವರಿದ್ದರು. ಆದರೆ ಆ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಕೈ ಚಾಚಲು ಹೆಚ್ಚು ಕಷ್ಟಪಟ್ಟವರು ನಮ್ಮವರು.

ನಮ್ಮವರ ಕೈಗೆ ಸ್ಟೇರಿಂಗು ಬಂದ ಒಂದು ದಾರಿ ಸರ್ಕಾರದ್ದು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು, ರಾಜ್ಯದ ಹೆಸರು ಬದಲಾದ ಮೇಲೆ ಕೆಎಸ್‌ಆರ್‌ಟಿಸಿ ಆಯಿತು. ಸಾರಿಗೆ ನಿಗಮ, ಲೋಕೋಪಯೋಗಿ, ಆರೋಗ್ಯ ಮುಂತಾದ ಕಡೆ ಮೀಸಲಾತಿಯಿಂದ ಡ್ರೈವರ್ ಆದವರು ನಮ್ಮ ಕೇರಿಗಳಲ್ಲಿ ಮೊದಲ ಸಂಬಳದ ಮನೆಗಳನ್ನು ಕಟ್ಟಿದರು. ಖಾಕಿ ಅಂಗಿ, ಎಂಟು ಗಂಟೆ ಲೆಕ್ಕದ ಪಾಳಿ, ಮೂಟೆ ಇಲ್ಲ, ಪಿಂಚಣಿ ಉಂಟು. ಇವತ್ತಿನ ಹುಡುಗರು ‘ಮೂಟೆ ಹೊರೋದು ಇರ್ಬಾರ್ದು’ ಎನ್ನುವಾಗ ಆ ಮನೆಗಳೇ ಅವರ ಕಣ್ಣ ಮುಂದೆ ಇರುವುದು. ಈಗ ಆ ಕೆಲಸಗಳು ಎಷ್ಟೋ ಕಡೆ ಗುತ್ತಿಗೆಗೆ ಹೋಗಿವೆ. ಗುತ್ತಿಗೆಗೆ ಹೋದ ಕಡೆ ಬಹುಕಾಲ ಮೀಸಲಾತಿ ಹಿಂದೆ ಹೋಗಲಿಲ್ಲ.

ಲಾರಿಯ ಹಿಂಬದಿಯವರು ಸುಮ್ಮನೆ ಕೂತಿರಲಿಲ್ಲ ಎಂಬುದೂ ಚರಿತ್ರೆಯೇ. ಪುಣೆಯಲ್ಲಿ 1950ರ ದಶಕದ ನಡುವಿನಲ್ಲಿ ಬಾಬಾ ಆಢಾವರು ಹಮಾಲರನ್ನು ಸೇರಿಸಿ ಹಮಾಲ್ ಪಂಚಾಯತ್ ಕಟ್ಟಿದರು. ಊರಿಗೊಂದೇ ನೀರಿನ ನೆಲೆ, ಅದು ಎಲ್ಲರಿಗೂ ಎಂದು 1972ರಲ್ಲಿ ಚಳವಳಿ ಮಾಡಿದವರೂ ಅವರೇ. ಹೊರೆಯ ಪ್ರಶ್ನೆ, ನೀರಿನ ಪ್ರಶ್ನೆ ಬೇರೆ ಬೇರೆ ಅಲ್ಲ ಎಂದು ಅವರಿಗೆ ಗೊತ್ತಿತ್ತು. ಮುಂಬಯಿಯಲ್ಲಿ ಅಣ್ಣಾಸಾಹೇಬ್ ಪಾಟೀಲರ ನೇತೃತ್ವದಲ್ಲಿ ಮಾಥಾಡಿ ಕಾರ್ಮಿಕರು ಸಂಘಟಿತರಾದರು. ಮಾಥಾ ಅಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ. 1969ರಲ್ಲಿ ಮಹಾರಾಷ್ಟ್ರ ಅವರಿಗಾಗಿ ಕಾಯ್ದೆ ಮಾಡಿತು. ಹಮಾಲನೂ ನೋಂದಣಿಯಾಗಬೇಕು, ವ್ಯಾಪಾರಿಯೂ ನೋಂದಣಿಯಾಗಬೇಕು. ಕೂಲಿ ಮಂಡಳಿಯ ಮೂಲಕ ಬರಬೇಕು. ಅದರ ಜೊತೆ ವ್ಯಾಪಾರಿ ಕಟ್ಟುವ ಹಣದಿಂದ ಭವಿಷ್ಯ ನಿಧಿ, ಗ್ರಾಚ್ಯುಟಿ, ಬೋನಸ್ಸು. ದಿನಕ್ಕೊಬ್ಬ ಧಣಿ ಇರುವ ಕೂಲಿಕಾರನಿಗೂ ಫ್ಯಾಕ್ಟರಿ ಕಾರ್ಮಿಕನ ಹಕ್ಕು ಕೊಡಬಹುದು ಎಂದು ಆ ಕಾಯ್ದೆ ತೋರಿಸಿಕೊಟ್ಟಿತು. ಕೇರಳದಲ್ಲಿ ತಲೆಹೊರೆ ಕಾರ್ಮಿಕರ ಕಾಯ್ದೆ 1978ರಲ್ಲಿ ಬಂತು. ನಮ್ಮ ರಾಜ್ಯದ ಹಮಾಲಿ ಸಂಘಟನೆಗಳು ಅಂಥದ್ದನ್ನು ಕೇಳುತ್ತಲೇ ಬಂದಿವೆ.

ತೂಕದ ಲೆಕ್ಕವನ್ನೂ ನೋಡಿ. ವಯಸ್ಸಿಗೆ ಬಂದ ಗಂಡಸು ಹೊರುವ ಹೊರೆ 55 ಕಿಲೋ ಮೀರಬಾರದು ಎಂದು 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿತು. ಆಮೇಲೂ ನಮ್ಮ ಮಂಡಿಗಳಲ್ಲಿ ನೂರು ಕಿಲೋ ಚೀಲ ಬೆನ್ನ ಮೇಲೆ ಓಡಾಡುತ್ತಲೇ ಇತ್ತು. ನಮ್ಮ ಅಪ್ಪಂದಿರ ಬೆನ್ನು ನಲವತ್ತಕ್ಕೇ ಬಾಗಿದ್ದು ವಯಸ್ಸಿನಿಂದಲ್ಲ. ಆ ಬೆನ್ನು ನೋಡಿ ಬೆಳೆದ ಮಗ ‘ಅದೊಂದು ಬೇಡ’ ಅಂದರೆ ಅದನ್ನು ಸೋಮಾರಿತನ ಅನ್ನುವವರಿಗೆ ಏನು ಹೇಳೋಣ?

ಡ್ರೈವರ ಕೆಲಸ ಹಗುರವೇ ಎಂದು ಕೇಳಬಹುದು. ಹಿಂದೆ ಅದೂ ರಟ್ಟೆಯ ಕೆಲಸವೇ. ಹ್ಯಾಂಡಲ್ ಹಾಕಿ ತಿರುವಿ ಎಂಜಿನ್ ಎಬ್ಬಿಸಬೇಕು, ಪವರ್ ಸ್ಟೇರಿಂಗ್ ಇಲ್ಲದ ಲಾರಿಯನ್ನು ಭುಜದ ಬಲದಿಂದ ಹೊರಳಿಸಬೇಕು. ಈಗ ಆ ಭಾರ ಕಡಿಮೆಯಾಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ ಮೀರಿದ ಸರಕು ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಇರಬೇಕೆಂದು ನಿಯಮ ಬಂದಿದೆ. ಆದರೂ ಸೊಂಟನೋವು, ನಿದ್ದೆಗೇಡು, ಧೂಳು, ಆಕ್ಸಿಡೆಂಟಿನ ಭಯ ಹೋಗಿಲ್ಲ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಅದು ಐವರೋ ಹೆಚ್ಚೋ ಕೆಲಸಗಾರರಿದ್ದ ಕಡೆಗೆ ಮಾತ್ರ. ಒಬ್ಬ ಮಾಲೀಕ, ಒಂದೆರಡು ಲಾರಿ ಎಂಬ ನಮ್ಮ ಕಡೆಯ ವ್ಯವಹಾರಕ್ಕೆ ಅದು ತಾಗಲೇ ಇಲ್ಲ. ಈಗ ಆ ಕಾಯ್ದೆ 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಹೋಗಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಹೊರೆಯನ್ನು ಬೆನ್ನಿನಿಂದ ಇಳಿಸಿದ ಯಂತ್ರಗಳೂ ಇವೆ. 1956ರಲ್ಲಿ ಅಮೆರಿಕದ ನ್ಯೂಅರ್ಕ್ ಬಂದರಿನಿಂದ 58 ಲೋಹದ ಪೆಟ್ಟಿಗೆಗಳನ್ನು ಹೊತ್ತ ಹಡಗೊಂದು ಹೊರಟಿತು. ಅಲ್ಲಿಂದ ಕಂಟೇನರ್ ಕಾಲ ಶುರು. ಸಾವಿರ ಮೂಟೆ ಎಣಿಸಿ ಹೊರುವ ಬದಲು ಒಂದು ಪೆಟ್ಟಿಗೆಯನ್ನು ಕ್ರೇನು ಎತ್ತಿ ಲಾರಿಯ ಮೇಲಿಡುತ್ತದೆ. ನಮ್ಮ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲೇ ಆಯಿತು. ಟಿಪ್ಪರು, ಟ್ಯಾಂಕರು, ಕಾಂಕ್ರೀಟ್ ಮಿಕ್ಸರು ಬಂದವು. ಇವು ಬಂದಾಗ ಹಮಾಲಿ ಕೆಲಸ ಹೋಯಿತು, ಡ್ರೈವರ್ ಕೆಲಸ ಹುಟ್ಟಿತು. ಕೆಲಸ ಕಳಕೊಂಡ ಹಮಾಲಿಯ ಮಗನೇ ಡ್ರೈವರ್ ಆಗಬೇಕಾದದ್ದು ನ್ಯಾಯ. ಆದನೇ ಎಂದು ನಮ್ಮ ನಮ್ಮ ಊರುಗಳಲ್ಲಿ ನಾವೇ ಕೇಳಿಕೊಳ್ಳೋಣ.

ಈಗ ಕೆಲಸ ಹುಡುಕುವ ತಮ್ಮಂದಿರಿಗೆ ಈ ಚರಿತ್ರೆಯಿಂದ ಒಂದು ಸುಲಭದ ಅಳತೆ ಸಿಗುತ್ತದೆ. ಸುರಿಯುವ ಸರಕು, ಹರಿಯುವ ಸರಕು ಇರುವ ಲಾರಿಯಲ್ಲಿ ಡ್ರೈವರ ಬೆನ್ನು ಉಳಿಯುತ್ತದೆ. ಎಣಿಸುವ ಸರಕು ಇರುವ ಲಾರಿಯಲ್ಲಿ ಯಾರದೋ ಬೆನ್ನು ಹೋಗಲೇಬೇಕು. ಜಲ್ಲಿ, ಎಂ-ಸ್ಯಾಂಡು ಸುರಿಯುವ ಸರಕು. ಯಂತ್ರ ತುಂಬುತ್ತದೆ, ಜಾಕಿ ಎತ್ತಿ ಸುರಿಯುತ್ತದೆ. ಚೀಲದ ಸಿಮೆಂಟು 50 ಕಿಲೋ ಲೆಕ್ಕದಲ್ಲಿ ಬೆನ್ನಿಗೆ ಬರುತ್ತದೆ. ಅದೇ ಸಿಮೆಂಟು ಬಲ್ಕರ್ ಲಾರಿಯಲ್ಲಿ ಬಂದರೆ ಪೈಪಿನಲ್ಲಿ ಇಳಿಯುತ್ತದೆ. ಕಲಸಿದ ಕಾಂಕ್ರೀಟು ಹೆಚ್ಚು ಹೊತ್ತು ಇಟ್ಟರೆ ಗಟ್ಟಿಯಾಗುತ್ತದೆ, ಆದ್ದರಿಂದ ಮಿಕ್ಸರ್ ಲಾರಿ ದೂರ ಹೋಗುವ ಹಾಗೇ ಇಲ್ಲ. ರಾತ್ರಿ ಮನೆ ಸೇರುವ ಆಸೆ ಇರುವವನಿಗೆ ಅದು ಒಂದು ದಾರಿ. ಹಾಲಿನಲ್ಲೂ ಹಾಗೇ. 40 ಲೀಟರಿನ ಕ್ಯಾನು ಎತ್ತಿಡುವ ರೂಟಿನ ಗಾಡಿ ಬೇರೆ, ಶೀತಲ ಕೇಂದ್ರದಿಂದ ಡೈರಿಗೆ ಹೋಗುವ ಟ್ಯಾಂಕರ್ ಬೇರೆ. ಗ್ಯಾಸಿನಲ್ಲಿ ತುಂಬಿದ ಸಿಲಿಂಡರು ಸುಮಾರು 30 ಕಿಲೋ, ಮೂರನೇ ಮಹಡಿಗೆ ಹೊರಬೇಕು. ಗ್ಯಾಸ್ ಟ್ಯಾಂಕರಿನ ಡ್ರೈವರು ಅದನ್ನು ಹೊರುವುದಿಲ್ಲ.

ಆದರೆ ಹಗುರದ ಬಾಗಿಲಿಗೆ ಬೀಗ ಇರುತ್ತದೆ. ಆ ಬೀಗದ ಹೆಸರು ಅಕ್ಷರ. ಪೆಟ್ರೋಲು, ಗ್ಯಾಸಿನಂಥ ಅಪಾಯದ ಸರಕು ಸಾಗಿಸುವ ಡ್ರೈವರಿಗೆ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷು ಓದಿ ಬರೆಯಲು ಬರಬೇಕು, ಮೂರು ದಿನದ ತರಬೇತಿಯ ಸರ್ಟಿಫಿಕೇಟು ಬೇಕು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವೂ ಇತ್ತು. ಶಾಲೆ ಬಿಡಿಸಿ ಜೀತಕ್ಕೆ ಇಟ್ಟ ಮಕ್ಕಳು ದೊಡ್ಡವರಾಗಿ ಗಾಡಿ ಕಲಿತರೂ ಬ್ಯಾಡ್ಜು ಸಿಗುತ್ತಿರಲಿಲ್ಲ. 2019ರಲ್ಲಿ ಆ ನಿಯಮ ತೆಗೆದರು. ತೆಗೆದದ್ದು ಸರಿ. ಆದರೆ ಅಕ್ಷರ ಬಾರದವನಿಗೆ ಟ್ಯಾಂಕರ್ ಇನ್ನೂ ಸಿಗುವುದಿಲ್ಲ, ಹೊರೆಯ ಗಾಡಿಯೇ ಗತಿ. ಹಳ್ಳಿಯ ಮೇಷ್ಟ್ರುಗಳು ಇದನ್ನು ಯೋಚಿಸಬೇಕು. ಎಂಟನೇ ಕ್ಲಾಸಿನಲ್ಲಿ ಕಳಚಿಕೊಳ್ಳುವ ಒಬ್ಬೊಬ್ಬ ಹುಡುಗನ ಬೆನ್ನಿಗೂ ನಾಳೆ ಒಂದು ಚೀಲ ಕಾದು ಕೂತಿದೆ.

ಸಣ್ಣ ಗಾಡಿಯ ಕಾಲಕ್ಕೆ ಬರೋಣ. 2005ರಲ್ಲಿ ಟಾಟಾ ಏಸ್ ಬಂತು. ಮುಕ್ಕಾಲು ಟನ್ ಹೊರುವ ನಾಲ್ಕು ಚಕ್ರದ ಗಾಡಿ, ಜನ ಇಟ್ಟ ಹೆಸರು ಚೋಟಾ ಹಾಥಿ. ಲಾರಿ ಹೋಗದ ಗಲ್ಲಿಗೂ ಅದು ನುಗ್ಗಿತು. ಸಾಲ ಮಾಡಿ ಕೊಂಡ ನಮ್ಮ ಹುಡುಗರು ಮೊದಲ ಸಲ ತಮ್ಮದೇ ಗಾಡಿಯ ಸ್ಟೇರಿಂಗು ಹಿಡಿದರು. ಇದು ಸಣ್ಣ ಮಾತಲ್ಲ. 7,500 ಕಿಲೋ ತೂಕದೊಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನೇ ಎತ್ತಿಹಿಡಿಯಿತು. ಲೈಸೆನ್ಸಿನ ನೆಪದಲ್ಲಿ ಇನ್ಶೂರೆನ್ಸು ತಪ್ಪಿಸಿಕೊಳ್ಳುವ ದಾರಿ ಕಿರಿದಾಯಿತು.

ಆದರೆ ಗಾಡಿ ಸಣ್ಣದಾದಂತೆ ನಾಲ್ಕು ಮೆಟ್ಟಿಲು ಕುಸಿದು ಒಂದಾದವು. ಕ್ಯಾಬಿನ್ನಿನಲ್ಲಿ ಇಬ್ಬರಿಗೆ ಜಾಗ, ಬಾಡಿಗೆಯ ಲೆಕ್ಕದಲ್ಲಿ ಒಬ್ಬನಿಗೆ ಮಾತ್ರ ಕೂಲಿ. ಕ್ಲೀನರ್ ಮಾಯವಾದ, ಹಮಾಲಿ ಮಾಯವಾದ. ಫ್ರಿಜ್ಜು, ಬೀರು, ನೀರಿನ ಕ್ಯಾನು, ಅಕ್ಕಿ ಮೂಟೆ ಎಲ್ಲ ಡ್ರೈವರೇ ಇಳಿಸಬೇಕು. ‘ಡ್ರೈವರ್ ಬೇಕಾಗಿದ್ದಾರೆ’ ಎಂಬ ಬೋರ್ಡು ನೋಡಿ ಹೋದವನಿಗೆ ಹಮಾಲಿ ಕೆಲಸ ಕಾದಿರುತ್ತದೆ, ಹಮಾಲಿ ಕೂಲಿ ಮಾತ್ರ ಇರುವುದಿಲ್ಲ. ಮೊಬೈಲಿನಲ್ಲಿ ಬಾಡಿಗೆ ಹಂಚುವ ಕಂಪನಿಗಳು ಬಂದ ಮೇಲೆ ಧಣಿಯ ಮುಖವೂ ಕಾಣದಾಯಿತು. ಅಂಥ ಕೆಲಸಗಾರರ ಭದ್ರತೆಗೆ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದೆ. ಕಾಯ್ದೆಯ ಪುಸ್ತಕದಿಂದ ಅದು ಗಲ್ಲಿಗೆ ಇಳಿಯುವಂತೆ ಮಾಡುವುದು ಸಂಘಟನೆಯ ಕೆಲಸ.

ಇನ್ನೊಂದು ಕಹಿ ಮಾತು ಇದೆ. ನಮ್ಮವರಿಗೆ ಜಗಳವಿಲ್ಲದೆ ಸ್ಟೇರಿಂಗು ಬಿಟ್ಟುಕೊಡುವ ಜಾಗವೊಂದಿದೆ. ಅದು ಕಸದ ಗಾಡಿ, ಒಳಚರಂಡಿ ಹೀರುವ ಗಾಡಿ. ಮನುಷ್ಯ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದವರು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು, 1970ರ ದಶಕದಲ್ಲಿ. ದೇಶದ ಕಾನೂನು 1993ರಲ್ಲಿ, ಇನ್ನೂ ಗಟ್ಟಿಯಾದದ್ದು 2013ರಲ್ಲಿ ಬಂತು. ತಲೆಯ ಮೇಲಿದ್ದದ್ದು ಗಾಡಿಗೆ ಬಂತು, ಆದರೆ ಗಾಡಿಯ ಸುತ್ತ ನಿಂತವರು ಬದಲಾಗಲಿಲ್ಲ. ಪೈಪು ಕಟ್ಟಿಕೊಂಡರೆ ಗುಂಡಿಗೆ ಇಳಿಸುವುದು ಡ್ರೈವರ ಪಕ್ಕದಲ್ಲಿ ಕೂತು ಬಂದ ಅವನದೇ ಕೇರಿಯ ಹುಡುಗನನ್ನು. ಆ ಹುಡುಗ ಮೇಲೆ ಬರದಿದ್ದ ದಿನಗಳನ್ನು ನಾವು ಪತ್ರಿಕೆಯಲ್ಲಿ ಓದಿದ್ದೇವೆ. ಗುಂಡಿಗೆ ಮನುಷ್ಯನನ್ನು ಇಳಿಸಲು ಹೇಳುವುದು ಅಪರಾಧ, ಹೇಳಿದರೆ ಗಾಡಿ ನಿಲ್ಲಿಸಿ ಬರುವ ಹಕ್ಕು ಡ್ರೈವರಿಗೂ ಇದೆ ಎಂಬುದನ್ನು ಕೇರಿ ಕೇರಿಯಲ್ಲಿ ಹೇಳಬೇಕು.

ಹಾಗಾದರೆ ಮಾಡಬೇಕಾದದ್ದು ಏನು? ಕೆಲಸಕ್ಕೆ ಹೋಗುವ ತಮ್ಮ ಮೊದಲ ದಿನವೇ ಬಾಯಿಬಿಟ್ಟು ಕೇಳಲಿ. ‘ಲೋಡು ಅನ್‌ಲೋಡು ಯಾರದು? ನಾನೇ ಇಳಿಸಿದ್ರೆ ಅದಕ್ಕೆ ಬೇರೆ ಕೂಲಿ ಎಷ್ಟು? ಸಂಬಳ ತಿಂಗಳಿಗೋ ಟ್ರಿಪ್ಪಿಗೋ? ಓವರ್‌ಲೋಡಿಗೆ ದಂಡ ಬಿದ್ರೆ ಕಟ್ಟೋರು ಯಾರು? ಗಾಡಿಗೆ ಇನ್ಶೂರೆನ್ಸು, ಎಫ್‌ಸಿ ಇದೆಯಾ?’ ಇವನ್ನು ಕೇಳಿದವನಿಗೆ ಕೆಲಸ ಕೊಡುವುದಿಲ್ಲ ಅನ್ನುತ್ತೀರಿ. ಒಬ್ಬ ಕೇಳಿದರೆ ಕೊಡುವುದಿಲ್ಲ. ಸ್ಟ್ಯಾಂಡಿನಲ್ಲಿರುವ ಎಲ್ಲರೂ ಕೇಳಿದರೆ? ಮಾಥಾಡಿಗಳು ಕೇಳಿದ್ದೂ ಹಾಗೆಯೇ. ಕಾರ್ಯಕರ್ತ ಗೆಳೆಯರು ಲೈಸೆನ್ಸಿನ ಅರ್ಜಿ ತುಂಬಿಕೊಡಲಿ. ಹದಿನೆಂಟಕ್ಕೆ ಲಘು ವಾಹನ, ಅದಾಗಿ ಒಂದು ವರ್ಷ ಕಳೆದು ಇಪ್ಪತ್ತು ತುಂಬಿದ ಮೇಲೆ ಲಾರಿ ಎಂಬ ಮೆಟ್ಟಿಲನ್ನು ಹೇಳಿಕೊಡಲಿ. ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಕರ್ನಾಟಕದಲ್ಲಿ 2024ರ ಕಾಯ್ದೆ ಇದೆ. ಅದರಡಿ ಡ್ರೈವರು, ಕ್ಲೀನರುಗಳ ಹೆಸರು ಬರೆಸುವುದು ಒಂದು ಊರಿನ ಒಂದು ಭಾನುವಾರದ ಕೆಲಸ.

ಡ್ರೈವರ್ ಆದ ತಮ್ಮನಿಗೆ ನಮ್ಮ ಕಡೆಯ ಮಾತು ಒಂದಿದೆ. ನಿನ್ನ ಬೆನ್ನಿನಿಂದ ಹೊರೆ ಇಳಿಯಿತು, ಒಳ್ಳೆಯದು. ಅದು ಇಳಿದು ಯಾರ ಬೆನ್ನಿಗೆ ಹೋಯಿತು ಎಂದು ಕನ್ನಡಿಯಲ್ಲಿ ಒಂದು ಸಲ ಹಿಂದೆ ನೋಡು. ಹಲಗೆಯ ಮೇಲೆ ಚೀಲ ಹಿಡಿದು ನಿಂತವನು ನಿನ್ನ ಅಪ್ಪನ ವಯಸ್ಸಿನವನೇ ಇರಬಹುದು. ಅವನಿಗೆ ‘ಬೇಗ ಬೇಗ’ ಅನ್ನಬೇಡ. ಅವನಿರುವ ಸಂಘದಲ್ಲಿ ನಿನ್ನ ಹೆಸರನ್ನೂ ಬರೆಸು.